ವಿಭೂತಿ ಅಳಿಸಿದ ಜಾಗ

ಯಾರದಾದರೂ ಹೊಸ ಮನೆಗೆ ಹೋದರೆ ನನಗೊಂದು ಕೆಟ್ಟ ಅಭ್ಯಾಸ. ಬಾಗಿಲು ದಾಟಿದ ಕೂಡಲೇ ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆಗೆ ಕೈ ಚಾಚುತ್ತೇನೆ. ಕೈ ಹೋದ ಕಡೆ ದೀಪದ ಸ್ವಿಚ್ಚು ಸಿಕ್ಕಿದರೆ ಆ ಮನೆಯವರ ಮೇಲೆ ಒಳ್ಳೆಯ ಅಭಿಪ್ರಾಯ ಬರುತ್ತದೆ. ಸಿಗದಿದ್ದರೆ ಹೋಳಿಗೆ ಊಟ ಹಾಕಿದರೂ ಅಷ್ಟಕ್ಕಷ್ಟೆ. ನನ್ನ ಹೆಂಡತಿ ಇದನ್ನು ಹುಚ್ಚು ಎನ್ನುತ್ತಾಳೆ. ಹುಚ್ಚೇ ಇರಬಹುದು. ಅದನ್ನು ಹಿಡಿಸಿದವರು ಹೋದ ತಿಂಗಳು ಲಿಂಗೈಕ್ಯರಾದರು. ಉಡಿಗಾಲದಿಂದ ಅರಿಶಿನ ಹೇರಿಕೊಂಡು ಬಂದ ಗಾಡಿಯವನೊಬ್ಬ ನಮ್ಮ ಮಂಡಿಯ ಮುಂದೆ ಎತ್ತು ಬಿಚ್ಚುತ್ತಾ ಹೇಳಿದ: “ನಿಮ್ ವೈರ್ ಅಯ್ನೋರು ಓಗ್ಬುಟ್ರಲ್ಲ.”

ಚಾಮರಾಜನಗರ, ಗುಂಡ್ಲುಪೇಟೆಯ ಡ್ರೈವರುಗಳೆಲ್ಲ ಅವರನ್ನು ಕರೆಯುತ್ತಿದ್ದದ್ದು ವೈರ್ ಅಯ್ಯನೋರು ಎಂದೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ, ಹುಣಸೆ ಮರದ ಕೆಳಗಿದ್ದ ಅವರ ತಗಡಿನ ಷೆಡ್ಡಿಗೂ ಹೆಸರಿನ ಬೋರ್ಡು ಇರಲಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದೆ. “ಕೆಟ್ಟೋಗಿರೋ ಗಾಡಿ ತಾನೇ ಹುಡುಕ್ಕೊಂಡು ಬತ್ತದೆ ಬುಡು. ಸರಿಯಾಗಿರೋ ಗಾಡಿಯೋನ್ಗೆ ನನ್ ಹೆಸ್ರು ಕಟ್ಕೊಂಡು ಏನಾಗ್ಬೇಕು?” ಎಂದಿದ್ದರು. ಬೋರ್ಡು ಬೇಡವೆಂದವರ ಹೆಸರನ್ನು ಕಾಗದದ ಮೇಲೆ ಹಾಕುವುದಕ್ಕೆ ನನಗೆ ಮನಸ್ಸಿಲ್ಲ.

ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ವೈರಿಂಗ್ ಕಲಿತು ಬಂದವರು. ಅಲ್ಲಿಂದ ತಂದ ಖಾಕಿ ಚಡ್ಡಿ, ಮೇಲೊಂದು ಅಂಗಿ, ಹಣೆಗೆ ಮೂರು ಪಟ್ಟೆ ವಿಭೂತಿ. ಕತ್ತಿನಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಗಾಡಿಯ ಕೆಳಗೆ ತೆವಳಬೇಕಾದಾಗ ಅದನ್ನು ಬೆನ್ನಿನ ಕಡೆಗೆ ತಿರುಗಿಸಿಕೊಂಡು, “ಸ್ವಲ್ಪ ಹೊತ್ತು ಹಿಂದ್ಗಡೆ ನೋಡ್ಕಳಪ್ಪ ಶಿವ್ನೇ” ಎಂದು ನುಸುಳುತ್ತಿದ್ದರು. ಗಾಡಿ ಬಂದ ಕೂಡಲೇ ಸಾಮಾನಿನ ಪೆಟ್ಟಿಗೆ ತೆಗೆಯುತ್ತಿರಲಿಲ್ಲ. ಡ್ರೈವರಿನ ಸೀಟಿನಲ್ಲಿ ಕೂತು ಒಂದು ಸಲ ಎಲೆಯಡಿಕೆ ಅಗಿದು ಮುಗಿಸುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಅವಸರದವರಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ನಾನೂ ಅವಸರದವನೇ.

ಆ ದಿನಗಳಲ್ಲಿ ಕಾರು ಕೊಂಡವರು ಕಂಪನಿ ಕೊಟ್ಟದ್ದಕ್ಕೆ ತೃಪ್ತರಾಗುತ್ತಿರಲಿಲ್ಲ. ಮಂಜಿನ ದೀಪ, ಎರಡನೆಯ ಹಾರನ್ನು, ಗಾಜು ಒರೆಸುವ ವೈಪರಿಗೆ ಮೋಟಾರು ಎಂದು ಒಂದೊಂದಾಗಿ ಸೇರಿಸುತ್ತಿದ್ದರು. ಸೇರಿಸಿದ್ದಕ್ಕೆಲ್ಲ ಒಂದೊಂದು ಸ್ವಿಚ್ಚು ಬೇಕು. ಬೇರೆ ಮಿಸ್ತ್ರಿಗಳು ತಗಡು ಮೆತ್ತಗಿರುವ ಕಡೆ ತೂತು ಕೊರೆದು ಕೂರಿಸಿಬಿಡುತ್ತಿದ್ದರು. ಅಯ್ಯನೋರ ಕ್ರಮ ಬೇರೆ. ಡ್ರೈವರನ್ನು ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದರು. “ಮಂಜು ಬಂತು, ದೀಪ ಹಾಕು” ಎನ್ನುತ್ತಿದ್ದರು. ಕೈ ಎಲ್ಲಿಗೆ ಹೋಯಿತೋ ಅಲ್ಲಿ ಸೊಂಟದ ಚೀಲದಿಂದ ವಿಭೂತಿ ತೆಗೆದು ಒಂದು ಬೊಟ್ಟಿಡುತ್ತಿದ್ದರು. ಸೀಮೆಸುಣ್ಣ ಯಾಕಿಲ್ಲವೆಂದರೆ, ವಿಭೂತಿ ಯಾವಾಗಲೂ ಸೊಂಟದಲ್ಲೇ ಇರುತ್ತಿತ್ತು, ಅಷ್ಟೆ. ಆಮೇಲೆ ಸ್ವಿಚ್ಚು ಹಾಕದೆ ಗಾಡಿಯನ್ನು ಕಳಿಸಿಬಿಡುತ್ತಿದ್ದರು.

“ನಾಕ್ ದಿನ ಓಡ್ಸ್ಕೊಂಡು ಬಾ. ದೀಪ ಬೇಕು ಅನ್ನುಸ್ದಾಗೆಲ್ಲ ಅಲ್ಲಿ ಒಂದ್ ದೀಪದ ಸ್ವಿಚ್ಚು ಅದೆ ಅಂದ್ಕೊಂಡು ಕೈ ಹಾಕು.”

ನಾಲ್ಕು ದಿನದ ನಂತರ ಬೊಟ್ಟು ಅಳಿಸಿದ್ದರೆ ಜಾಗ ಸರಿ. ಬೊಟ್ಟು ಹಾಗೇ ಇದ್ದರೆ, ಅಥವಾ ಪಕ್ಕದ ಧೂಳು ಅಳಿಸಿದ್ದರೆ ಜಾಗ ತಪ್ಪು. “ಕೈ ಹುಡುಕಕ್ಕೆ ಸುರು ಮಾಡುದ್ರೆ ಕಣ್ಣೂ ಅದ್ರ ಹಿಂದೇನೆ ಓಯ್ತದೆ. ಆಗ ರಸ್ತೆ ನೋಡೋರು ಯಾರ್ಲಾ?” ಎಂದು ಕೇಳುತ್ತಿದ್ದರು. ಒಂದು ಬಸ್ಸಿಗೆ ಇಬ್ಬರು ಡ್ರೈವರುಗಳಿದ್ದರು, ಒಬ್ಬ ತೆಂಗಿನ ಮರ, ಇನ್ನೊಬ್ಬ ಕುಳ್ಳ. ಇಬ್ಬರ ಬೊಟ್ಟೂ ಒಂದು ಗೇಣು ದೂರ ಬಿದ್ದವು. ಅಯ್ಯನೋರು ಕೇಳಿದ್ದು ಒಂದೇ ಪ್ರಶ್ನೆ: “ಘಾಟಿಲಿ ಓಡ್ಸೋನು ಯಾರು?” ಕುಳ್ಳ ಎಂದರು. “ಅಂಗಾರೆ ಉದ್ದಕಿರೋನು ಬಗ್ಲಿ.”

ನನ್ನ ಸಾಹುಕಾರರು ಚಾಮರಾಜನಗರದಲ್ಲಿ ಅರಿಶಿನ, ಹುಣಸೆಹಣ್ಣಿನ ಮಂಡಿ ಇಟ್ಟಿದ್ದರು. ಅವರ ಕಾರಿಗೆ ನಾನು ಡ್ರೈವರು. ವಾರಕ್ಕೆರಡು ಸಲ ಊಟಿಗೆ ಹೋಗಬೇಕು. ಮಳೆಗಾಲದಲ್ಲಿ ಬಂಡೀಪುರದಿಂದಲೇ ಮಂಜು ಶುರುವಾಗುತ್ತಿತ್ತು. ಹಾಗಾಗಿ ಒಂದು ಆಷಾಢದಲ್ಲಿ ಕಾರಿಗೆ ಹಳದಿ ಮಂಜಿನ ದೀಪ, ಜೋರು ಹಾರನ್ನು, ವೈಪರು ಮೂರನ್ನೂ ಹಾಕಿಸಲು ನಿರ್ಧರಿಸಿದರು. ಸ್ವಿಚ್ಚುಗಳು ಎಲ್ಲಿರಬೇಕೆಂಬುದನ್ನೂ ಅವರೇ ನಿರ್ಧರಿಸಿಬಿಟ್ಟಿದ್ದರು. ಮುಂದಿನ ಹಲಗೆಯ, ಎಂದರೆ ಡ್ಯಾಶ್‌ಬೋರ್ಡಿನ, ನಟ್ಟನಡುವೆ, ಕೋಟಿನ ಗುಂಡಿಯ ಹಾಗೆ ಸಾಲಾಗಿ, ಹತ್ತಿದವರಿಗೆಲ್ಲ ಕಾಣುವಂತೆ. ಅವರು ಹಿಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ, ನನ್ನ ಪಕ್ಕದಲ್ಲೇ ಕೂರುವರು. ನಡುವೆ ಇದ್ದರೆ ಅವರ ಕೈಗೂ ಸಿಗುತ್ತದೆಂಬ ಆಸೆ ಬೇರೆ.

ಇದನ್ನು ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಯಾಕೆಂದರೆ ನನ್ನ ಎಡಗೈ ಸರಿಯಿರಲಿಲ್ಲ. ಈ ಕೆಲಸಕ್ಕೆ ಸೇರುವ ಮೊದಲು ಬಸ್ಸಿನಲ್ಲಿ ಕ್ಲೀನರಾಗಿದ್ದಾಗ ಟಾಪಿನ ಮೇಲಿಂದ ಬಿದ್ದಿದ್ದೆ. ನಾಟಿ ವೈದ್ಯರು ಕಟ್ಟು ಕಟ್ಟಿದರು, ಮೂಳೆ ಕೂಡಿತು, ಆದರೆ ಭುಜ ಬಿಗಿದುಕೊಂಡೇ ಉಳಿಯಿತು. ಗೇರಿನ ತನಕ ಕೈ ಚೆನ್ನಾಗಿ ಹೋಗುತ್ತಿತ್ತು. ಮುಂದಕ್ಕೆ ಪೂರ್ತಿ ಚಾಚುವುದಕ್ಕೆ ಆಗುತ್ತಿರಲಿಲ್ಲ. ಹಲಗೆಯ ನಡುವಿನ ಸ್ವಿಚ್ಚು ಮುಟ್ಟಬೇಕೆಂದರೆ ಇಡೀ ಮೈಯನ್ನು ಮುಂದಕ್ಕೆ ಎಸೆಯಬೇಕು. ಇದು ಸಾಹುಕಾರರಿಗೆ ಗೊತ್ತಿರಲಿಲ್ಲ. ಕೈ ಊನವಾದ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಉಮ್ಮತ್ತೂರಿನಲ್ಲಿ ಕೂಲಿ ಮಾಡಿಕೊಂಡಿದ್ದ ಮನೆಯಿಂದ ಬಂದವನು ನಾನು. ಲೋವರ್ ಸೆಕೆಂಡರಿ ಪಾಸು, ಲೈಸೆನ್ಸು, ಈ ಸ್ಟೀರಿಂಗು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಅದರ ಮೇಲೇ ನಿಂತಿದ್ದರು.

ಅಯ್ಯನೋರು ಕಣ್ಣು ಮುಚ್ಚು ಎಂದಾಗ ನಾನು ಒಂದು ಕಣ್ಣನ್ನು ಸ್ವಲ್ಪ ತೆರೆದುಕೊಂಡೆ. ಹಲ್ಲು ಕಚ್ಚಿಕೊಂಡು, ಮೈ ಬಾಗಿಸಿ, ಸಾಹುಕಾರರು ಹೇಳಿದ ಜಾಗಕ್ಕೇ ಎಡಗೈ ಮುಟ್ಟಿಸಿದೆ. ಒಂದಲ್ಲ, ಮೂರು ಸಲ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ ಮೂರು ಬೊಟ್ಟಿಟ್ಟರು. “ನಾಕ್ ದಿನ ಬುಟ್ಟು ಬಾ” ಎಂದರು. ಹೊರಗೆ ಬಂದು ಬೆನ್ನಿನ ಬೆವರು ಒರೆಸಿಕೊಂಡೆ.

ಮಾರನೆಯ ಬೆಳಿಗ್ಗೆ ಸಾಹುಕಾರರು ಕಾರು ಹತ್ತಲು ಬಂದರು. ಬೊಟ್ಟು ನೋಡಿದ್ದೇ ಚಪ್ಪಲಿ ಬಿಟ್ಟು ಕೈ ಮುಗಿದರು.

“ಅಯ್ನೋರೇ ಮುಟ್ಟಿ ಇಟ್ಟವ್ರಾ?”

“ಹೂಂ ಸಾವ್ಕಾರ್ರೆ. ಆದ್ರೆ ಅದು...”

“ಮುಟ್ಬ್ಯಾಡ ಮತ್ತೆ. ಬಟ್ಟೆ ಗಿಟ್ಟೆ ತಗಂಡು ಒರುಸ್ಬುಟ್ಟೀಯೆ, ಹುಷಾರು.”

ಅದು ಸ್ವಿಚ್ಚಿನ ಗುರುತೆಂದು ಹೇಳಲು ನಾನು ಬಾಯಿ ತೆರೆದೆ, ಮುಚ್ಚಿಕೊಂಡೆ. ಮುಟ್ಟಬೇಡ ಎಂದರೆ ನನಗೆ ಒಳ್ಳೆಯದೇ ಆಯಿತಲ್ಲ, ನಾಲ್ಕು ದಿನ ಕೈ ಚಾಚುವ ಕಷ್ಟ ತಪ್ಪಿತು! ಮರುದಿನ ಅವರು ಮೂರು ಬೊಟ್ಟಿಗೂ ಮೂರು ಕಣಗಲೆ ಹೂ ಏರಿಸಿದರು. ನಾಲ್ಕು ದಿನ ನಮ್ಮ ಕಾರಿನ ಹಲಗೆ ಗುಡಿಯಾಗಿತ್ತು. ತೆರಕಣಾಂಬಿಯಲ್ಲಿ ಲಿಫ್ಟು ಕೇಳಿ ಹತ್ತಿದ ಒಬ್ಬ ಅಜ್ಜಿ ಕೂಡ ಕೈ ಮುಗಿದು ಇಳಿದಳು.

ಐದನೆಯ ದಿನ ಷೆಡ್ಡಿಗೆ ಹೋದೆವು, ಎಂದರೆ ನಾನು ಮತ್ತು ಕಾರು. ಅಯ್ಯನೋರು ಬಗ್ಗಿ ನೋಡಿದರು. ಬೊಟ್ಟುಗಳು ಇಟ್ಟಂತೆಯೇ ಇದ್ದವು, ಅಂಚು ಸಹ ಕದಲಿರಲಿಲ್ಲ. ಅವರು ಹೊರಗೆ ಬಂದು, ಬಾನೆಟ್ಟಿಗೆ ಒರಗಿ ನಿಂತು, ಮೆತ್ತಗೆ ಕೇಳಿದರು:

“ನಾಕ್ ದಿನದಲ್ಲಿ ಒಂದ್ಸಲನೂ ಕೈ ಅಲ್ಗೋಗಿಲ್ಲ. ಎಡಗೈಗೆ ಏನ್ಲಾ ಆಗದೆ?”

ನನ್ನ ಜೀವವೇ ಹೋಯಿತು. ಇವರಿಗೆ ಎಲ್ಲ ತಿಳಿದುಹೋಗಿದೆ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿತು. ಬಸ್ಸಿನ ಟಾಪು, ಕಟ್ಟು, ಬಿಗಿದ ಭುಜ, ಸಾಹುಕಾರರಿಂದ ಮುಚ್ಚಿಟ್ಟದ್ದು, ಒಂದು ಕಣ್ಣು ತೆರೆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಕಣ್ಣಲ್ಲಿ ನೀರೂ ಬಂತು. ಕೊನೆಗೆ, ಸುಮ್ಮನೆ ಮಾತು ಬೆಳೆಸಲೆಂದು, ಸಾಹುಕಾರರು ಬೊಟ್ಟಿಗೆ ಹೂವಿಟ್ಟು ಮುಟ್ಟಬೇಡ ಎಂದಿದ್ದನ್ನೂ ಹೇಳಿದೆ. ಅಯ್ಯನೋರು ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಅಯ್ಯೋ ಮಂಕೇ, ಅದೊಂದ್ ಮಾತ ಮೊದ್ಲೇ ಯೋಳಿದ್ರೆ ನೀನು ತಪ್ಪುಸ್ಕಬೋದಿತ್ತಲ್ಲಾ! ನಂಗೇನೂ ಗೊತ್ತಾಗ್ತಿರ್ನಿಲ್ಲ.”

ನನಗೆ ನಗು ಬರಲಿಲ್ಲ. ಭೂಮಿ ಬಾಯ್ದೆರೆದರೆ ಇಳಿದುಬಿಡುತ್ತಿದ್ದೆ.

ನಕ್ಕು ಮುಗಿದ ಮೇಲೆ ಅವರು ಸಾಹುಕಾರರ ಸೀಟಿನಲ್ಲಿ ಕೂತರು. “ನಡಿ, ಮದ್ದೂರಿನ ಕಡಿಕೆ ಓಗ್ಬರನ” ಎಂದರು. ಅದು ಕೇರಳದ ಕಡೆಗೆ ಹೋಗುವ ಕಾಡಿನ ರಸ್ತೆ, ಗಾಡಿಗಳು ಕಡಿಮೆ. ದಾರಿಯುದ್ದಕ್ಕೂ ಅವರು ರಸ್ತೆ ನೋಡಲೇ ಇಲ್ಲ, ನನ್ನ ಕೈಕಾಲು ನೋಡುತ್ತಿದ್ದರು. ಇದ್ದಕ್ಕಿದ್ದಂತೆ “ಮಂಜು!” ಎನ್ನುವರು. “ಮಳೆ!” ಎನ್ನುವರು. “ತಿರುವು, ಹಾರನ್ನು!” ಎನ್ನುವರು. ಯೋಚಿಸುವುದಕ್ಕೆ ಬಿಡಲಿಲ್ಲ. ನನ್ನ ಬಲಗೈ ಸ್ಟೀರಿಂಗನ್ನು ಬಿಡದೆಯೇ ಬೆರಳು ಕೆಳಕ್ಕೆ ಇಳಿದು ಹಲಗೆಯ ಅಡಿಯಂಚನ್ನು ಮುಟ್ಟುತ್ತಿತ್ತಂತೆ, ಅದು ನನಗೇ ಗೊತ್ತಿರಲಿಲ್ಲ. ಅಲ್ಲಿ ಎರಡು ಬೊಟ್ಟು ಬಿದ್ದವು, ದೀಪಕ್ಕೊಂದು, ವೈಪರಿಗೊಂದು. ಹಾರನ್ನಿಗೆ ಎಡಗಾಲಿನ ಪಕ್ಕ, ದೊಡ್ಡ ದೀಪವನ್ನು ತಗ್ಗಿಸಲು ತುಳಿಯುವ ಗುಂಡಿಯ ಜೊತೆಗೆ ಇನ್ನೊಂದು ಗುಂಡಿ ಎಂದು ತೀರ್ಮಾನವಾಯಿತು.

“ಕಾಲು ನೆಟ್ಟಗದಾ? ಅದನ್ನೂ ಬಚ್ಚಿಟ್ಟಿದ್ದಿಯಾ?” ಎಂದು ಕೇಳಿದರು.

ವಾಪಸು ಬರುತ್ತಾ ಅವರ ದನಿ ಬದಲಾಯಿತು. “ನೋಡ್ಲಾ. ನಾನಾಗಿ ಓಗಿ ಯೋಳಲ್ಲ. ಸಾವ್ಕಾರ್ರು ಕೇಳುದ್ರೆ ಸುಳ್ಳಾಡಲ್ಲ. ನೀನೇ ಯೋಳ್ಬುಡು, ಅದು ಚೆಂದ.”

ಆಗಲಿ ಎಂದೆ. ಹೇಳಲಿಲ್ಲ. ಹೇಳಬೇಕೆಂದು ದಿನಾ ಬೆಳಿಗ್ಗೆ ಅಂದುಕೊಳ್ಳುವುದು, ಸಾಹುಕಾರರ ಮುಖ ನೋಡಿದ ಕೂಡಲೇ ಮಕ್ಕಳ ಮುಖ ನೆನಪಾಗುವುದು. ಈ ನಡುವೆ ಹೊಸ ಬೊಟ್ಟುಗಳು ಎರಡೇ ದಿನಕ್ಕೆ ಅಳಿಸಿಹೋಗಿದ್ದವು. ಹಲಗೆಯ ಅಡಿಗೆ ಇದ್ದುದರಿಂದ ಅವಕ್ಕೆ ಹೂ ಬೀಳಲಿಲ್ಲ. ಮಂಡಿಯ ಹಿಂದೆ ಕಾರು ನಿಲ್ಲಿಸಿ, ಬಗ್ಗಿ, ಬರಿದಾದ ಆ ಜಾಗವನ್ನು ನೋಡಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ನನ್ನ ಮೈಗೆ ಇನ್ನೂ ಗಾಡಿ ಓಡಿಸುವ ಯೋಗ್ಯತೆ ಇದೆ ಎಂದು ಯಾರೋ ಬರೆದುಕೊಟ್ಟ ಹಾಗಾಯಿತು.

ಸ್ವಿಚ್ಚು ಕೂರಿಸುವ ದಿನ ಸಾಹುಕಾರರೂ ಬಂದರು. ಹಲಗೆಯ ಅಡಿಗೆ ಕೂತ ಸ್ವಿಚ್ಚುಗಳನ್ನು ನೋಡಿ ಮುಖ ಗಂಟಿಕ್ಕಿದರು.

“ಇದೇನ್ ಅಯ್ನೋರೆ, ಕದ್ದಿಟ್ಟಂಗೆ? ಹಾಕ್ಸಿರೋದು ನಾಕ್ ಜನಕ್ಕೆ ಕಾಣದು ಬ್ಯಾಡ್ವ? ನಡುಮದ್ಯಕ್ಕೆ ಅಂದಿದ್ದೆ ನಾನು. ಅಲ್ಲಿ ಯಾಕಾಗದಿಲ್ಲ?”

ಅಯ್ಯನೋರು ನನ್ನ ಕಡೆ ತಿರುಗಿ, “ಓಗು, ಬಸ್‌ಸ್ಟ್ಯಾಂಡ್ತಾವು ಬ್ಯಾಟ್ರಿ ನೀರು ತಕಂಡು ಬಾ” ಎಂದರು. ಬ್ಯಾಟರಿಗೆ ನೀರು ಹಾಕಿ ವಾರವೂ ಆಗಿರಲಿಲ್ಲ. ಅದು ಹೊಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಓಡಿದೆ.

ಸೀಸೆ ಹಿಡಿದು ಬಂದಾಗ ಜಗಳ ಮುಗಿದಿತ್ತು. ಸಾಹುಕಾರರು ನನ್ನನ್ನು ಒಂದು ಸಲ ನೋಡಿ ಬೇರೆ ಕಡೆ ತಿರುಗಿದರು. ಹಲಗೆಯ ನಡುವೆ ಒಂದೇ ಒಂದು ಹೊಳೆಯುವ ಗುಂಡಿ ಬಂದಿತ್ತು. ಅದು ಸಾಹುಕಾರರದು. ಒತ್ತಿದರೆ ನನ್ನ ಕಣ್ಣೆದುರು, ಮೀಟರಿನ ಪಕ್ಕ, ಕಡಲೆಯಷ್ಟು ದೊಡ್ಡ ಕೆಂಪು ಬಲ್ಬು ಹತ್ತುತ್ತಿತ್ತು. ಬೇರೇನೂ ಆಗುತ್ತಿರಲಿಲ್ಲ.

“ಇದು ನಿಮ್ ಅಪ್ಣೆ ಸಾವ್ಕಾರ್ರೆ” ಎಂದು ಅಯ್ಯನೋರು ಅವರಿಗೆ ಮುಚ್ಚುಮರೆಯಿಲ್ಲದೆ ವಿವರಿಸಿದರು. “ಹಾರನ್ನು ಬೇಕು, ದೀಪ ಬೇಕು ಅನ್ಸುದ್ರೆ ಒತ್ತಿ. ಅವನ್ಗೆ ಗೊತ್ತಾಯ್ತದೆ. ಆಮೇಲೆ ಮಾಡದೋ ಬುಡದೋ ರಸ್ತೆ ನೋಡ್ತಿರೋನ್ಗೆ ಬುಡಿ.”

ಸಾಹುಕಾರರಿಗೆ ಗುಂಡಿ ಬಹಳ ಹಿಡಿಸಿತು. ಎಮ್ಮೆ ಕಂಡರೂ ಒತ್ತುವರು, ಪರಿಚಯದವರು ಕಂಡರೂ ಒತ್ತುವರು. ಕೆಂಪು ಬಲ್ಬು ಮಿಂಚುಹುಳದ ಹಾಗೆ ಆಡುತ್ತಲೇ ಇತ್ತು. ನಾನು ಬೇಕಾದಾಗ ಹಾರನ್ನು ತುಳಿಯುತ್ತಿದ್ದೆ, ಬೇಡವಾದಾಗ ಸುಮ್ಮನಿರುತ್ತಿದ್ದೆ. ಅಂತೂ ಅಯ್ಯನೋರ ಹಟ ಗೆದ್ದಿತು, ನನ್ನ ಗುಟ್ಟು ಉಳಿಯಿತು ಎಂದುಕೊಂಡೆ.

ಶ್ರಾವಣದ ಒಂದು ಬೆಳಿಗ್ಗೆ ಊಟಿಗೆ ಹೊರಟಿದ್ದೆವು. ಬಂಡೀಪುರ ದಾಟಿದ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿಕೊಂಡಿತು. ಹಳದಿ ದೀಪದ ಬೆಳಕು ನೆಲದ ಮೇಲೆ ನಾಲ್ಕು ಮಾರು ಹರಿಯುತ್ತಿತ್ತು, ಅಷ್ಟೆ. ಆ ಬೆಳಕಿನಲ್ಲಿ ಮೊದಲು ಕಾಲುಗಳು ಕಂಡವು. ದಪ್ಪ ಕಾಲುಗಳ ನಡುವೆ ಚಿಕ್ಕ ಕಾಲುಗಳು. ಮರಿಯಾನೆ, ಅದರ ತಾಯಿ.

ಕೆಂಪು ಬಲ್ಬು ಹತ್ತಿತು. ಆರಿತು. ಮತ್ತೆ ಹತ್ತಿತು. ಸಾಹುಕಾರರು ಬಾಯಿ ಕಟ್ಟಿಹೋಗಿ ಗುಂಡಿಯನ್ನೇ ಒತ್ತುತ್ತಿದ್ದರು. ಹಾರನ್ನು ಕೂಗಿದ್ದರೆ ಆ ತಾಯಿ ನಮ್ಮ ಮೇಲೇ ಬರುತ್ತಿತ್ತು. ನನ್ನ ಎಡಗಾಲು ಹಾರನ್ನಿನ ಗುಂಡಿಗೆ ಹೋಗದೆ ಕ್ಲಚ್ಚನ್ನು ತುಳಿಯಿತು. ಎಡಗೈ ಗೇರನ್ನು ಹಿಂದಕ್ಕೆ ಹಾಕಿತು. ಅದೇ ಕ್ಷಣದಲ್ಲಿ ಬಲಗೈಯ ಬೆರಳು ಕೆಳಗಿಳಿದು ದೀಪ ಆರಿಸಿತು. ಕಣ್ಣು ಮಾತ್ರ ಆ ಕಾಲುಗಳಿದ್ದ ಜಾಗ ಬಿಟ್ಟು ಕದಲಲಿಲ್ಲ. ಕಾರು ಇಂಚಿಂಚೇ ಹಿಂದಕ್ಕೆ ಸರಿಯಿತು. ಸ್ವಲ್ಪ ಹೊತ್ತಿಗೆ ಬಿದಿರು ಮುರಿಯುವ ಸದ್ದು ರಸ್ತೆಯ ಎಡಕ್ಕೆ ಹೋಗಿ ನಿಂತಿತು.

ಗೂಡಲೂರಿಗೆ ಬಂದು ಕಾರು ನಿಲ್ಲಿಸಿದೆ. ಅಲ್ಲಿ ಒಬ್ಬ ಮಲಯಾಳಿಯ ಚಹಾದಂಗಡಿ ಇತ್ತು. ಸಾಹುಕಾರರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು:

“ನಾನು ಅಷ್ಟೊಂದ್ಸಲ ಒತ್ತುದ್ನಲ್ಲ, ಯಾಕ್ಲಾ ಹಾರನ್ನು ಮಾಡ್ನಿಲ್ಲ?”

ಕಾರಣ ಹೇಳಿದೆ. ಹೇಳುತ್ತಿದ್ದ ಹಾಗೆಯೇ ನನಗೆ ಏನಾಯಿತೋ, ಕೈಯ ವಿಷಯವೂ ಬಾಯಿಗೆ ಬಂತು. “ಸಾವ್ಕಾರ್ರೆ, ಇನ್ನೊಂದ್ ಮಾತದೆ. ನನ್ನೆಡಗೈ ಮುಂದುಕ್ಕೆ ಚಾಚಕಾಗಲ್ಲ. ಸೇರ್ದಾಗ್ಲೇ ಹಿಂಗಿತ್ತು. ಕೆಲ್ಸ ಓಯ್ತದೆ ಅಂತ ಯೋಳ್ನಿಲ್ಲ. ಬ್ಯಾಡ ಅಂದ್ರೆ ಊಟಿಗಂಟ ಬುಟ್ಟು, ನಾಳೆ ಬೀಗದಕೈ ಕೊಟ್ಬುಡ್ತಿನಿ.”

ಅವರು ಚಹಾ ಕುಡಿದು ಮುಗಿಸಿದರು. ಲೋಟ ಕೆಳಗಿಟ್ಟರು.

“ಗೊತ್ತು ಕಣ್ಲಾ. ಸ್ವಿಚ್ಚಾಕೋ ದಿನಾನೇ ಅಯ್ನೋರು ಯೋಳುದ್ರು. ನಡುಮದ್ಯ ಯಾಕಾಗದಿಲ್ಲ ಅಂತ ನಾನೇ ಕೇಳುದ್ನಲ್ಲ.”

ಅಂಗಡಿಯವನಿಗೆ ಕಾಸು ಕೊಟ್ಟು ಮಾತು ಮುಂದುವರಿಸಿದರು.

“ಬೇರೆ ಡ್ರೈವರ್ನ ನೋಡ್ತಿನಿ ಅಂದೆ ನಾನು. ಅದಕ್ಕೆ ಅವ್ರು, ‘ಇವನ ಕೈ ತಪ್ಪುದ್ರೆ ಅದು ಇವನ ತಪ್ಪಲ್ಲ ಸಾವ್ಕಾರ್ರೆ, ಜಾಗ ನೋಡಿರೋ ನಂದು. ನನ್ನ ಕೇಳಿ’ ಅಂದ್ರು. ‘ಅವನಾಗೇ ಯೋಳೋಗಂಟ ಕಾಯಿರಿ, ಯೋಳ್ತನೆ’ ಅಂದ್ರು. ಕಾಯ್ತಾ ಕುಂತಿದ್ದೆ. ಒಂದ್ ತಿಂಗ್ಳು ಮಾಡ್ಬುಟ್ಟೆಯಲ್ಲ ನೀನು.”

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಕೋಪ. ವಾಪಸು ಬರುವಾಗ ಷೆಡ್ಡಿನ ಮುಂದೆ ಕಾರು ನಿಲ್ಲಿಸಿ, “ಯೋಳ್ಬುಟ್ರಲ್ಲ ಅಯ್ನೋರೆ!” ಎಂದು ಕೂಗಿದೆ. ಅವರು ಯಾವುದೋ ಲಾರಿಯ ಕೆಳಗಿದ್ದರು. ಕರಡಿಗೆ ಬೆನ್ನ ಮೇಲಿತ್ತು. “ಕೇಳುದ್ರು, ಯೋಳ್ದೆ. ಮೊದ್ಲೇ ಅಂದಿದ್ನಲ್ಲ” ಎಂದು ಅಲ್ಲಿಂದಲೇ ಹೇಳಿದರು. ತಲೆ ಹೊರಗೆ ಹಾಕಲಿಲ್ಲ. ನಾನು ಮನೆಗೆ ಬಂದ ಮೇಲೆ, ಸ್ನಾನಕ್ಕೆ ನೀರು ಹೊಯ್ದುಕೊಳ್ಳುವಾಗ, ಬಚ್ಚಲಲ್ಲಿ ಕೂತು ಅತ್ತೆ. ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡವರು ಅದುವರೆಗೆ ನನಗೆ ಯಾರೂ ಸಿಕ್ಕಿರಲಿಲ್ಲ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಷೆಡ್ಡು ಮುಚ್ಚಿ, ಸ್ವಂತ ಊರಾದ ಉಡಿಗಾಲಕ್ಕೆ ಮಗನ ಮನೆಗೆ ಕರೆದುಕೊಂಡು ಹೋದರು. ನಾನು ನೋಡಲು ಹೋದಾಗ ಮಂಚದ ಮೇಲೆ ಮಲಗಿದ್ದರು. ಎಡಗೈ ಎದೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾತು ಸ್ವಲ್ಪ ತೊದಲುತ್ತಿತ್ತು. ನನ್ನನ್ನು ಕಂಡು ಬಾಯಿಯ ಒಂದೇ ಕಡೆಯಿಂದ ನಕ್ಕರು.

“ಬಾರ್ಲಾ. ಈಗ ನಿನ್ ಗಾಡಿ ನಂಗೂ ಒಗ್ತದೆ ನೋಡು. ಎಲ್ಲಾ ಬಲಗಡೀಕೇ ಹಾಕಿವ್ನಿ.”

ಮಂಚದ ಬಲಕ್ಕೆ, ಗೋಡೆಯ ಮೇಲೆ, ಮಲಗಿದವರ ಭುಜದ ಮಟ್ಟಕ್ಕೆ ಒಂದು ವಿಭೂತಿ ಬೊಟ್ಟಿತ್ತು. ಊರಿಗೆ ಕರೆಂಟಿನ ಕಂಬ ನೆಟ್ಟಿದ್ದರು, ತಂತಿ ಇನ್ನೂ ಬಂದಿರಲಿಲ್ಲ. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಸೊಸೆಯ ಕೈಯಲ್ಲಿ ಹೊಸ ಬೊಟ್ಟು ಇಡಿಸುತ್ತಾರಂತೆ. “ಇಟ್ಟಿದ್ದು ಸಂಜೆಗಿರಲ್ಲ ಕಣಣ್ಣ, ಸುಮ್ಕೆ ಗ್ವಾಡೆ ತಡವ್ತಾ ಕುಂತಿರ್ತರೆ ಮಾವಯ್ಯ” ಎಂದು ಆಕೆ ನನ್ನಲ್ಲಿ ದೂರು ಹೇಳಿದಳು. ಅವರಿಗೆ ಬುದ್ಧಿ ಭ್ರಮಿಸಿದೆ ಎಂದುಕೊಂಡಿದ್ದಳು, ಪಾಪ. ನಾನು ಅದರ ಅರ್ಥ ಹೇಳಿದೆ. ಆಕೆ ಹತ್ತಿರ ಹೋಗಿ ಗೋಡೆಯ ಆ ಜಾಗವನ್ನು ಮುಟ್ಟಿ ನೋಡಿದಳು.

ಆದ್ದರಿಂದ ಹೋದ ತಿಂಗಳು ಆ ಗಾಡಿಯವನು ಸುದ್ದಿ ಹೇಳಿದಾಗ, ಯಾವಾಗ ಹೋದರು, ಹೇಗೆ ಹೋದರು ಎಂದು ಕೇಳುವ ಮೊದಲು ನಾನು ಕೇಳಿದ್ದು ಬೇರೆ.

“ಮನೆಗೆ ಕರೆಂಟು ಬಂದಿತ್ತಾ?”

“ಮಣ್ಣು ಮಾಡುದ್ ಮೂರನೇ ದಿನಕ್ಕೆ ಬಂತು. ಲೈಟ್‌ನೋರು ಸ್ವಿಚ್ಚು ಎಲ್ಲಿಗಾಕನ ಅಂತ ಕೇಳುದ್ರು. ಸೊಸೆ ಬೆಟ್ಟು ಮಾಡಿ ತೋರುಸ್ತು, ಮಂಚುದ್ ಪಕ್ಕ. ಮಲಿಕ್ಕಳೋರೇ ಇಲ್ವಲ್ಲ, ಅಲ್ಯಾಕವ್ವ ಅಂದ್ರು ಅವ್ರು. ಅಲ್ಲೇ ಹಾಕಿ ಅಂತು.”

“ಗೋಡೆ ಮೇಲೆ ಬೊಟ್ಟು ಇತ್ತಾ?”

ಅವನು ನೊಗ ಕೆಳಗಿಟ್ಟು ನನ್ನ ಮುಖ ನೋಡಿದ.

“ಬೊಟ್ಟಾ? ಬೊಟ್ಟು ಎಲ್ಬಂತು. ಆ ಜಾಗ ಮಾತ್ರ ತಿಕ್ಕಿ ತಿಕ್ಕಿ ನುಣ್ಗಾಗಿತ್ತು.”